ನಂಬಬಹುದೇ ಎಂದು ನೀವು ಕೇಳಿದ ಪರ್ಷಿಯನ್ ಪತ್ರಿಕೆ

ಹಾಸನ
ವೀರ ನಿರ್ವಾಣ ಸಂವತ್ ೨೫೫೧, ಶ್ರಾವಣ ಬಹುಳ ನವಮಿ
(೧೭ ಆಗಸ್ಟ್ ೨೦೨೫)

ಪೂಜ್ಯ ಮಾತಾಜಿಯವರ ಚರಣಗಳಿಗೆ, ಪೂರ್ವಾಶ್ರಮದ ತಂಗಿ ಸಮತಾಳ ವಂದಾಮಿ.

ರತ್ನತ್ರಯ ಕುಶಲವೇ? ಹೀಗೆ ಕೇಳಬೇಕೆಂದು ಅಮ್ಮ ಪಕ್ಕದಲ್ಲೇ ಕೂತು ಹೇಳಿಕೊಡುತ್ತಿದ್ದಾಳೆ. ನನಗೆ ಕೇಳಬೇಕಾಗಿರುವುದು ಬೇರೆ. ಬರಿಗಾಲಲ್ಲಿ ನಡೆದು ಒಡೆದಿದ್ದ ಅಂಗಾಲು, ಚಾತುರ್ಮಾಸಕ್ಕೆ ಒಂದು ಕಡೆ ನಿಂತ ಮೇಲೆ ಕೂಡಿಕೊಂಡಿತೇ? ದಿನಕ್ಕೆ ಒಂದೇ ಹೊತ್ತು ಆಹಾರ, ನೀರೂ ಆಗಲೇ. ಅದರಲ್ಲೂ ಒಂದು ಕೂದಲು ಕಂಡಿತೆಂದು ಅರ್ಧಕ್ಕೆ ನಿಲ್ಲಿಸುವ ದಿನಗಳು ಬಹಳ ಬರುತ್ತಿಲ್ಲ ತಾನೇ? ಸೊಂಟದ ಆ ಹಳೇ ನೋವು ಮತ್ತೆ ಬಂದಿತ್ತೇ? ಮಾತಾಜಿ ಎಂದು ಬರೆಯಲು ಹೊರಟರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಇನ್ನು ಮುಂದಿನದೆಲ್ಲ ಅಕ್ಕನಿಗೇ ಬರೆಯುತ್ತೇನೆ, ತಪ್ಪಿದ್ದರೆ ಕ್ಷಮಿಸಿ.

ಮೊದಲು ನಿಮಗೊಂದು ಕೃತಜ್ಞತೆ ಹೇಳಬೇಕು. ಮೊಬೈಲಿನಲ್ಲಿ ಬಂದ ಲೇಖನವೊಂದನ್ನು ಪ್ರಿಂಟ್ ಹಾಕಿಸಿಕೊಂಡು ನಮ್ಮ ಜಿತೇಂದ್ರಣ್ಣ ನಿಮ್ಮ ದರ್ಶನಕ್ಕೆ ಬಂದಿದ್ದನಲ್ಲ, ‘ನೀರು ಬಿಟ್ಟು ಉಪವಾಸ ಮಾಡಿದರೆ ಮೂತ್ರಪಿಂಡಕ್ಕೆ ಏನೂ ಆಗುವುದಿಲ್ಲ ಅಂತ ಇರಾನಿನ ಡಾಕ್ಟರುಗಳೇ ಬರೆದಿದ್ದಾರೆ’ ಎಂದು ಸಭೆಯಲ್ಲಿ ಓದಿದನಂತಲ್ಲ. ದಶಲಕ್ಷಣ ಪರ್ವದ ಹತ್ತು ದಿನವೂ ನಿರ್ಜಲ ಉಪವಾಸ ಮಾಡಬೇಕೆಂಬುದು ನಿಮ್ಮ ಬಹಳ ದಿನದ ಆಸೆ. ನಿಮ್ಮನ್ನು ತಡೆದಿದ್ದು ಮೂತ್ರಪಿಂಡದ ಆ ಕಲ್ಲಿನ ಕಾಯಿಲೆ ಒಂದೇ. ಆದರೂ ನೀವು ಅಲ್ಲೇ ಸಂಕಲ್ಪ ಮಾಡಲಿಲ್ಲ. ‘ಅದು ನಂಬುವ ಪತ್ರಿಕೆ ಹೌದೋ ಅಲ್ಲವೋ ಸಮತಾ ನೋಡಿ ಹೇಳಲಿ, ಹೌದು ಅಂದರೆ ಮಾಡುತ್ತೇನೆ’ ಎಂದು ಹೇಳಿ ಕಳಿಸಿದಿರಿ. ಮನೆ ಬಿಟ್ಟು ಹೋದ ಅಕ್ಕ ಇನ್ನೂ ನನ್ನ ಮಾತಿಗೆ ಕಾಯುತ್ತಾಳೆ ಎಂದು ತಿಳಿದು ಲೈಬ್ರರಿಯ ಕಪಾಟಿನ ಹಿಂದೆ ನಿಂತು ಅತ್ತೆ. ಹುಡುಗಿಗೆ ಯಾಕೆ ಇಷ್ಟು ಓದು ಎಂದ ಅಪ್ಪನ ಜೊತೆ ನೀವು ಜಗಳವಾಡದಿದ್ದರೆ ಈ ವೈದ್ಯಕೀಯ ಕಾಲೇಜಿನ ಲೈಬ್ರರಿಯಲ್ಲಿ ನಾನು ಇರುತ್ತಲೇ ಇರಲಿಲ್ಲ.

ಅದು ವೈದ್ಯರ ಸಂಶೋಧನೆಗಳನ್ನು ಅಚ್ಚುಹಾಕುವ ಪತ್ರಿಕೆ, ಇರುವುದು ಪೂರಾ ಪರ್ಷಿಯನ್ನಿನಲ್ಲಿ. ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಸಾರಾಂಶ, ಅಷ್ಟೆ. ಜಿತೇಂದ್ರಣ್ಣ ಓದಿದ್ದೂ ಅದನ್ನೇ. ನಮ್ಮ ಲೈಬ್ರರಿಯ ಕೀರ್ತಿರಾಜ್ ಮೊದಲ ಪುಟ ನೋಡಿದವರೇ ನಕ್ಕುಬಿಟ್ಟರು. ‘ಇಸ್ವಿ ಸಾವಿರದ ಮುನ್ನೂರ ತೊಂಬತ್ತೆಂಟು ಅಂತ ಆಕವ್ರೆ ಮೇಡಂ, ಆರ್ನೂರು ವರ್ಷದ ಹಿಂದೆ ಯಾವ ಲ್ಯಾಬ್ ಇತ್ತು? ಡೂಪ್ಲಿಕೇಟ್ ಕಣ್ರೀ’ ಎಂದರು. ಮನೆಯ ಗೋಡೆಯ ಮೇಲೆ ಜೈನ ಪಂಚಾಂಗದ ಎರಡು ಸಾವಿರದ ಐನೂರ ಐವತ್ತೊಂದನೇ ಇಸವಿ ನೇತುಹಾಕಿಕೊಂಡವಳು ನಾನು, ಇನ್ನೊಬ್ಬರ ಲೆಕ್ಕಕ್ಕೆ ಹೇಗೆ ನಗಲಿ? ವಿಚಾರಿಸಿದರೆ ಅದು ಅವರ ಪಂಚಾಂಗದ ವರ್ಷ, ನಮ್ಮ ೨೦೧೯. ಪಾಪ, ಕೀರ್ತಿರಾಜ್ ಅವರೇ ಆಮೇಲೆ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿರುವ ಇರಾನಿ ಹುಡುಗಿಯೊಬ್ಬಳನ್ನು ಹುಡುಕಿಕೊಟ್ಟರು. ನಾನು ಕೇಳಿದ್ದನ್ನೆಲ್ಲ ಆಕೆ ಒಂದಿಷ್ಟೂ ಬೇಸರಪಡದೆ ನೋಡಿ ಹೇಳಿದಳು. ಸಂಪಾದಕ ಮಂಡಳಿಯಲ್ಲಿರುವವರು ನಿಜವಾಗಿ ಇದ್ದಾರೆಯೇ, ಬೇರೆ ಬೇರೆ ಊರಿನವರೇ, ಬಂದ ಲೇಖನವನ್ನು ಹೊರಗಿನವರಿಂದ ಓದಿಸಿ ತಿದ್ದಿಸುತ್ತಾರೆಯೇ, ಕೈಗೆ ಬಂದ ದಿನವೇ ಒಪ್ಪಿಬಿಡುತ್ತಾರೆಯೇ, ಅಲ್ಲಿನ ಸರ್ಕಾರದ ಮಾನ್ಯತೆ ಇದೆಯೇ ಎಂದೆಲ್ಲ ಕೇಳಿದೆ. ಲೇಖನದ ಕೊನೆಯಲ್ಲಿ ಹೆಸರಿಸಿದ್ದ ಆಧಾರಗಳನ್ನು ನಾನೇ ತೆಗೆದು ನೋಡಿದೆ. ನೀವು ನೀರು ಸೋಸಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಿರಲ್ಲ, ಹಾಗೆ ನೋಡಿದೆ.

ಎಲ್ಲೂ ಕೊಳೆ ಸಿಗಲಿಲ್ಲ. ಒಂದು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೇ ನೋಡಿದ್ದು, ಮುಚ್ಚಿಡುವುದಿಲ್ಲ. ದೀಕ್ಷೆಗೆ ಮುಂಚೆ ನೀವು ಕಲ್ಲಿನ ನೋವಿಗೆ ನೆಲದ ಮೇಲೆ ಮುದುಡಿಕೊಂಡಿದ್ದನ್ನು ಅಮ್ಮ ಮರೆತಿಲ್ಲ. ಎರಡು ದಿನದಿಂದ ನನ್ನ ಬೆನ್ನು ಬಿದ್ದಿದ್ದಾಳೆ. ‘ಸುಳ್ಳು ಪತ್ರಿಕೆ ಅಂತ ಬರ್ದಾಕ್ಬಿಡೇ. ಅವಳೇನು ಬಂದು ನೋಡ್ತಾಳಾ? ನನ್ ಮಗಳು ಉಳಿದ್ರೆ ಸಾಕು ಕಣೇ, ಪಾಪ ಬಂದ್ರೆ ನಂಗೇ ಬರ್ಲಿ’ ಅನ್ನುತ್ತಾಳೆ. ನನ್ನ ಕೈಯಲ್ಲಿ ಆಗಲಿಲ್ಲ ಅಕ್ಕಾ. ನಿಮಗೆ ಸುಳ್ಳು ಬರೆದು ಮತ್ತೆ ನಿಮ್ಮ ಎದುರು ಕೂರುವುದು ಹೇಗೆ? ನೀವು ಕೇಳಿದ್ದಕ್ಕೆ ನನ್ನ ಉತ್ತರ, ಆ ಪತ್ರಿಕೆಯನ್ನು ನಂಬಬಹುದು. ಬರೆದವರು ಪ್ರಾಮಾಣಿಕರು. ಒಳಗಿನ ಪುಟಗಳನ್ನೂ ಅಕ್ಷರ ಬಿಡದೆ ಓದಿ ಹೇಳು ತಾಯಿ ಎಂದು ಆ ಹುಡುಗಿಯನ್ನು ಬೇಡಿಕೊಂಡಿದ್ದೇನೆ. ಅವಳಿಂದ ಇನ್ನೂ ಸುದ್ದಿಯಿಲ್ಲ. ಈ ಕಾಗದ ತರುವ ಜಿತೇಂದ್ರಣ್ಣ ಈಗಲೇ ಹೊರಡುತ್ತಾನೆ, ಅದಕ್ಕೇ ಮುಗಿಸುತ್ತಿದ್ದೇನೆ.

ಸಂಘದ ಮಾತಾಜಿಯವರೆಲ್ಲರಿಗೂ ನಮ್ಮ ವಂದಾಮಿ ತಿಳಿಸಿ. ಅಮ್ಮ ಕೈ ಮುಗಿದು ಕೂತಿದ್ದಾಳೆ. ಇಬ್ಬರಿಗೂ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ತಂಗಿ,
ಸಮತಾ

ಮತ್ತೆ: ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಆ ಹುಡುಗಿ ಈಗ ಫೋನ್ ಮಾಡಿದಳು, ಅವಳ ಹೊಟ್ಟೆ ತಣ್ಣಗಿರಲಿ. ಸಾರಾಂಶದಲ್ಲಿ ಇಲ್ಲದ್ದು ಒಳಗೆ ಇದೆ. ಅವರು ಪರೀಕ್ಷೆ ಮಾಡಿದ್ದು ಹಗಲು ಮಾತ್ರ ನೀರು ಬಿಟ್ಟು, ಸಂಜೆ ಹೊಟ್ಟೆ ತುಂಬ ಕುಡಿಯುವವರನ್ನು. ಅದರಲ್ಲೂ ಮೊದಲೇ ಕಲ್ಲಾಗಿದ್ದವರು ಬಂದರೆ, ಇದು ನಿಮಗೆ ಅಪಾಯ ಎಂದು ಆರಂಭದಲ್ಲೇ ವಾಪಸು ಕಳಿಸಿದ್ದಾರೆ. ಪತ್ರಿಕೆಯನ್ನು ನಂಬಿ ಅಕ್ಕಾ, ಪೂರ್ತಿಯಾಗಿ ನಂಬಿ. ನೀವು ಅವರ ಬಾಗಿಲಿಗೆ ಹೋಗಿದ್ದರೆ, ಆ ಡಾಕ್ಟರುಗಳೇ ನಿಮ್ಮ ಕೈಗೆ ಒಂದು ಲೋಟ ನೀರು ಕೊಟ್ಟು ಮನೆಗೆ ಕಳಿಸುತ್ತಿದ್ದರು.