ನೀರಿಗೆ ಆ ಔಷಧ ಬೆರೆಸಬೇಡ

ಜ್ಞಾನೂ,

ನೀನು ಉಗಾರ ಫ್ಯಾಕ್ಟರಿಯ ಪಾಳಿ ಮುಗಿಸಿ ಬರುವ ಹೊತ್ತಿಗೆ ನಾನು ರಾಯಬಾಗದಲ್ಲಿರುತ್ತೇನೆ. ಬೆಳಿಗ್ಗೆ ಮತ್ತೆ ಎರಡು ಕೋಳಿಮರಿ ಸತ್ತಿದ್ದವು. ಅವನ್ನು ಡಬ್ಬಿಯಲ್ಲಿಟ್ಟುಕೊಂಡು ದನದ ಡಾಕ್ಟರ ಹತ್ತಿರ ಹೊರಟಿದ್ದೇನೆ. ಕೊಯ್ದು ನೋಡಿ, ಹೋದ ಸಲ ಬಂದ ಅದೇ ಬಿಳಿ ಭೇದಿಯೋ ಬೇರೆ ರೋಗವೋ ಹೇಳಲಿ.

ಶೆಡ್ಡಿನ ಪರದೆ ಇಳಿಸು, ಗಾಳಿ ತಣ್ಣಗಿದೆ. ಒದ್ದೆಯಾದ ಹೊಟ್ಟು ತೆಗೆದು ಒಣದು ಹಾಸು. ಡಾಕ್ಟರು ಕೊಟ್ಟ ಜೀವಾಣುಗಳ ಪುಡಿಯನ್ನು ಮೇವಿಗೆ ಕಲಸಿಟ್ಟಿದ್ದೇನೆ, ಅದನ್ನೇ ಹಾಕು. "ರೋಗದ ಹುಳಾ ಕೊಲ್ಲಾಕ ಮತ್ತ ಹುಳಾನ ತಿನಸ್ತಿ ಏನಬೇ ಅಕ್ಕಾ?" ಎಂದು ನಿನ್ನೆ ನಕ್ಕೆಯಲ್ಲ, ನನಗೆ ಬಹಳ ಸಿಟ್ಟು ಬಂದಿತ್ತು. ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದ್ದೆ: "ಚಲೋ ಜೀವಾಣು ಹೊಟ್ಟ್ಯಾಗ ಮೊದಲ ಠಾವು ಹಿಡದ್ರ, ಕೆಟ್ಟವಕ್ಕ ಜಾಗಾ ಸಿಗೂದಿಲ್ರಿ."

ನೀರಿಗೆ ಮಾತ್ರ ರೋಗಾಣು ಕೊಲ್ಲುವ ಆ ಹಳೆಯ ಔಷಧ ಬೆರೆಸಬೇಡ. ಹೋದ ಸಲ ಅದನ್ನೇ ಸುರಿದೆವು, ಆದರೂ ಮರಿಗಳೆಲ್ಲ ಸತ್ತು ಶೆಡ್ಡು ಖಾಲಿಯಾಯಿತು. ಈಗ ಹಾಕಿದರೆ ಪುಡಿಯಲ್ಲಿರುವ ಒಳ್ಳೆಯವೂ ಸಾಯುತ್ತವೆ. ನೀನು ಸುಮ್ಮನಿರುವವನಲ್ಲ ಎಂದು ಬಾಟಲಿಯನ್ನು ನನ್ನ ಚೀಲದಲ್ಲೇ ಒಯ್ಯುತ್ತಿದ್ದೇನೆ. ಎಷ್ಟು ಬೇಕೋ ಅಷ್ಟು ಬೈದುಕೋ.

ರೊಟ್ಟಿ ಬುಟ್ಟಿಯಲ್ಲಿದೆ. ಉಂಡು ಮಲಗು.

ನಿನ್ನ ಅಕ್ಕ,
ಸುಂದರಾ

ಇಷ್ಟು ಬರೆದ ಮೇಲೆ ಮತ್ತೊಮ್ಮೆ ಶೆಡ್ಡಿಗೆ ಹೋಗಿ ಬಂದೆ. ಮೂಲೆಯಲ್ಲಿ ಮುದುರಿ ಕೂತಿದ್ದ ಮರಿಗಳಲ್ಲಿ ಒಂದು ತಾನಾಗಿಯೇ ಎದ್ದು ಮೇವು ಕುಕ್ಕುತ್ತಿದೆ. ಅದನ್ನು ಕೈಗೆತ್ತಿಕೊಂಡು ನೋಡಲು ಹೋಗಬೇಡ. ತಿನ್ನಲಿ.