ಮಾವನವರ ಕೋಟು

ಮೇಲಿನ ಮನೆ
ಭಾನುವಾರ, ಸಂಜೆ ಐದು ಗಂಟೆ

ಕೆಳಗಿನ ಮನೆಯ ಅತ್ತೆಯವರಿಗೆ,

ನಮಸ್ಕಾರ. ಕ್ಷೇಮ ಕೇಳುವ ಶಾಸ್ತ್ರ ಬಿಟ್ಟುಬಿಡುತ್ತೇನೆ. ನೀವು ಚೆನ್ನಾಗಿದ್ದೀರಿ ಎಂಬುದು ನಿಮ್ಮ ರೇಡಿಯೋ ಸದ್ದಿನಲ್ಲೇ ಗೊತ್ತಾಗುತ್ತದೆ. ಹನ್ನೆರಡು ಮೆಟ್ಟಿಲು ಇಳಿದು ಬಂದು ಹೇಳಬಹುದಿತ್ತು. ಆದರೆ ಆರು ವರ್ಷದಿಂದ ಮಾತು ಬಿಟ್ಟವಳು ಎದುರು ನಿಂತರೆ ಜಗಳವೇ ಆಗುತ್ತದೆ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ.

ನಾಳೆ ಬೆಳಿಗ್ಗೆ ಎಂಟಕ್ಕೆ ನಿಮ್ಮ ಮೊಮ್ಮಗಳು ಒಂಬತ್ತನೇ ಮಹಡಿಯ ಹೊರಗೋಡೆಗೆ ಬಣ್ಣ ಬಳಿಯಲು ಹಗ್ಗದ ಹಲಗೆ ಮೇಲೆ ಕೂರುತ್ತಾಳೆ. ಮೇಸ್ತ್ರಿ ಸೊಂಟಕ್ಕೆ ಕಟ್ಟುವ ಬೆಲ್ಟು ಕೊಟ್ಟರೆ ಬೇಡ ಅಂದಳಂತೆ. ನಮ್ಮ ವಂಶದವರಿಗೆ ಅದೆಲ್ಲ ಬೇಕಾಗಲ್ಲ, ನಮ್ಮ ಮೇಲೆ ದೇವರ ಕೈಯಿದೆ ಅಂದಳಂತೆ. ಇಪ್ಪತ್ತು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ಎಲ್ಲಿಂದ ಬಂತು? ನಿಮ್ಮಿಂದ.

ಕಥೆ ನನಗೂ ಬಾಯಿಪಾಠ. ಮಾವನವರ ಅಪ್ಪ ಮೂರನೇ ಮಹಡಿಯಿಂದ ಮರಳ ರಾಶಿ ಮೇಲೆ ಬಿದ್ದು, ಮೈ ಕೊಡವಿಕೊಂಡು ಎದ್ದು, ಉಳಿದ ಅರ್ಧ ಗೋಡೆ ಮುಗಿಸಿ ಮನೆಗೆ ಬಂದರು. ನಮ್ಮ ವಂಶವನ್ನು ದೇವರು ಬೀಳಲು ಬಿಡುವುದಿಲ್ಲ, ಸೊಂಟಕ್ಕೆ ಹಗ್ಗ ಕಟ್ಟಿದವನು ಆ ಆಶೀರ್ವಾದವನ್ನೇ ಅನುಮಾನಿಸಿದ ಹಾಗೆ ಎಂದು ಅಪ್ಪಣೆ ಕೊಡಿಸಿದರು. ಮರಳಿನ ಬದಲು ಕಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ಈ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಆರು ವರ್ಷದ ಹಿಂದೆ ನಿಮ್ಮ ಮಗ ಬಿದ್ದಾಗ ಕಲ್ಲೇ ಇತ್ತು. ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಕುರ್ಚಿಯಲ್ಲಿ ಕೂತವರನ್ನು ತೋರಿಸಿ, ಜೀವ ಉಳೀತಲ್ಲ, ಅದೇ ಆಶೀರ್ವಾದ ಅಂದಿರಿ. ಆವತ್ತೇ ನಿಮ್ಮ ಜೊತೆ ಮಾತು ಬಿಟ್ಟೆ. ಅವರಂತೂ ಈ ವಿಷಯ ಎತ್ತಿದರೆ ತುಟಿಯೇ ಬಿಚ್ಚುವುದಿಲ್ಲ.

ಅಷ್ಟೆತ್ತರದ ಗಾಳಿಗೆ ಅವಳಿಗೊಂದು ದಪ್ಪ ಕೋಟು ಬೇಕೆಂದು ಇವತ್ತು ಮಧ್ಯಾಹ್ನ ಅಟ್ಟದ ಪೆಟ್ಟಿಗೆ ತೆಗೆದೆ. ಮಾವನವರ ಖಾಕಿ ಕೋಟು ಸಿಕ್ಕಿತು. ಒಳಗೆ, ಲೈನಿಂಗ್ ಹಿಂದೆ, ಸೊಂಟದ ಸುತ್ತ ಮೂರು ಪದರದ ಕ್ಯಾನ್ವಾಸ್ ಪಟ್ಟಿ. ಬೆನ್ನಿನ ಕಡೆ ಹಗ್ಗ ಸಿಕ್ಕಿಸುವುದಕ್ಕೆ ಕಬ್ಬಿಣದ ಬಳೆ. ಯಾರು ಹೊಲಿದರೋ ಗೊತ್ತಿಲ್ಲ ಎನ್ನಬೇಡಿ. ಪ್ರತಿ ಹೊಲಿಗೆಯನ್ನೂ ಎರಡೆರಡು ಸಲ ಹಿಂದಕ್ಕೆಳೆದು ಗಂಟು ಹಾಕುವವರು ಈ ಮನೆಯಲ್ಲಿ ನೀವೊಬ್ಬರೇ.

ಅಬ್ಬಾ! ಮೂವತ್ತು ವರ್ಷ ಗಂಡನನ್ನು ಕಾಪಾಡಿದ್ದು ನಿಮ್ಮ ಸೂಜಿ, ಹೆಸರು ಬಂದಿದ್ದು ದೇವರಿಗೆ. ಬೀದಿಯವರ ಮುಂದೆ ವಂಶದ ಮಹಿಮೆ ಕೊಚ್ಚಿಕೊಂಡು, ಬಾಗಿಲು ಹಾಕಿಕೊಂಡು ಪಟ್ಟಿ ಹೊಲಿದಿರಿ. ನಿಮಗೇ ಇಲ್ಲದ ನಂಬಿಕೆಯನ್ನು ನಮ್ಮ ತಲೆಗೆ ಕಟ್ಟಿದಿರಿ. ನಾಚಿಕೆ ಆಗುವುದಿಲ್ಲವೇ?

ನಿಮ್ಮ ಕಣ್ಣೀರು, ಕ್ಷಮೆ ನನಗೆ ಬೇಡ. ನಾಳೆ ಏಳು ಗಂಟೆಗೆ ಅವಳು ನಿಮಗೆ ಹೇಳಿಹೋಗಲು ಬರುತ್ತಾಳೆ. ಕೋಟನ್ನು ಈ ಕಾಗದದ ಜೊತೆ ನಿಮ್ಮ ಬಾಗಿಲಲ್ಲೇ ಇಡುತ್ತೇನೆ. ಒಳಭಾಗ ತೋರಿಸಿ, ನಿಮ್ಮ ಬಾಯಿಂದಲೇ ಹೇಳಿ. ಹೇಳದೆ ಅವಳಿಗೇನಾದರೂ ಆದರೆ ನಿಮ್ಮನ್ನೂ ಬಿಡುವುದಿಲ್ಲ, ನಿಮ್ಮ ದೇವರನ್ನೂ ಬಿಡುವುದಿಲ್ಲ.

ಇಂತಿ,
ನಿಮ್ಮ ಸೊಸೆ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ನಿಮ್ಮ ಮಗನ ಕೋಟಿನಲ್ಲೂ ಅಂಥದೇ ಪಟ್ಟಿ ಇತ್ತು. ಇವರು ಬಿದ್ದರಲ್ಲ, ಅದರ ಹಿಂದಿನ ವಾರ ಹರಿದ ಲೈನಿಂಗ್ ಹೊಲಿಯಲು ಕೂತಾಗ ನನ್ನ ಕಣ್ಣಿಗೆ ಬಿತ್ತು. ಬ್ಲೇಡು ಹಾಕಿ ಬಿಚ್ಚಿದವಳು ನಾನು. ನಿಮ್ಮಪ್ಪನಿಗೆ ಬೇಡವಾಗಿದ್ದು ನಿಮಗ್ಯಾಕೆ, ದೇವರ ಮೇಲೆ ಅಷ್ಟೂ ನಂಬಿಕೆ ಇಲ್ಲವಾ ಎಂದು ಇವರನ್ನು ಹಂಗಿಸಿದೆ. ಮಗಳು ಅಲ್ಲೇ ಕೂತು ಕೇಳಿಸಿಕೊಂಡಳು. ಆಸ್ಪತ್ರೆಯಲ್ಲಿ ನೀವು ಆ ಕೋಟನ್ನು ತಿರುವಿ ನೋಡಿ, ನನ್ನ ಕಡೆ ನೋಡಿ, ಒಂದು ಮಾತೂ ಆಡದೆ ಮಡಿಸಿಟ್ಟಿರಿ. ನಾನು ಮಾತು ಬಿಟ್ಟದ್ದು ಅದಕ್ಕೆ. ಇವತ್ತಿಗೂ ನೀವು ಯಾರಿಗೂ ಹೇಳಿಲ್ಲ. ಅವಳು ಆ ಮಾತು ಕಲಿತದ್ದು ನಿಮ್ಮಿಂದಲ್ಲ, ಅತ್ತೆ. ಈಗ ನಾನು ಬೆಲ್ಟು ಕಟ್ಟಿಕೋ ಎಂದರೆ ಅವಳು ಕೇಳುವುದಿಲ್ಲ. ದಮ್ಮಯ್ಯ, ನೀವು ಹೇಳಿ.