ಅರಳೆ ತುಂಬಿದ ಬೇಟೆಚೀಲ

ನಾಟಕದ ತಾಲೀಮಿಗೆ ಕೂಡಿದ ಮಹಾಜನರೇ, ಗದ್ದಲ ನಿಲ್ಲಿಸಿ! ಸೋದರಮಾವ, ಎದ್ದು ನಿಂತು ಈ ಕಾರ್ಡನ್ನು ಹಿಂದಿನ ಸಾಲಿಗೂ ಕೇಳುವಂತೆ ಓದು.

ಧಾರವಾಡದ ಲಕಮನಹಳ್ಳಿಯಲ್ಲಿ ನಾನು ಕೆಲಸಕ್ಕೆ ಸೇರಿದ ಶೆಡ್ಡಿನಲ್ಲಿ ಹೊಲಿಯುವುದು ಪರದೇಶದ ಬೇಟೆಗಾರರ ಬೆನ್ನುಚೀಲ. ಅಲ್ಲಿ ಪರವಾನಗಿ ಪಡೆದು ಎಮ್ಮೆಯಷ್ಟು ದೊಡ್ಡ ಕಡವೆ ಹೊಡೆಯುತ್ತಾರಂತೆ. ದಾರಿಯಿಲ್ಲದ ಗುಡ್ಡದಿಂದ ಮಾಂಸವನ್ನೆಲ್ಲ ಬೆನ್ನ ಮೇಲೆಯೇ ಇಳಿಸಬೇಕಂತೆ. ಅಲ್ಲಿಯ ವ್ಯಾಪಾರಿ ನಾಳೆ ವಿಡಿಯೊ ಕರೆಯಲ್ಲಿ ನೋಡಿ ಚೀಲ ಆರಿಸುತ್ತಾನೆ. ಹೊತ್ತು ತೋರಿಸುವ ಬೇಟೆಗಾರ ನಾನೇ!

ಇವತ್ತು ಮರಳು ತುಂಬಿ ನೋಡಿದೆವು. ಮೆಟ್ಟಿಲು ಹತ್ತುವಷ್ಟರಲ್ಲಿ ಸೊಂಟದ ಪಟ್ಟಿ ಕಿತ್ತುಬಂತು, ಭಾರವೆಲ್ಲ ಹೆಗಲಿಗೆ ಜಗ್ಗಿ ನಾನು ಅಂಗಾತ ಬಿದ್ದೆ. ಮಾಲೀಕ ಅತುಲ ಮರಳು ಸುರುವಿಸಿ ಅರಳೆ ತುಂಬಿಸಿದ.

"ನಾಟಕದಾಂವ ಇದ್ದೀಯಲ್ಲೋ ಹನಮೇಶಾ, ಭಾರ ಅದ ಅನ್ನೋಹಂಗ ತೇಕು!"

"ಸಾಹೇಬ್ರ, ಗುಡ್ಡದಾಗ ಪಟ್ಟಿ ಹರದ್ರ ಹೊತ್ತಾಂವ ಕಮರಿಗೆ ಬೀಳ್ತಾನ್ರಿ."

"ಬಿದ್ದಾಂವ ಇಲ್ಲೀತನಕಾ ಬಂದು ಜಗಳಾ ತಗೀತಾನೇನು?"

ಕೇಳಿದಿರಾ ಈ ಮಾತನ್ನು! ನಮ್ಮ ನಾಟಕದಲ್ಲಿ ತಗಡಿನ ಗದೆ ಹೊತ್ತು ನಾನೂ ತೇಕಿದ್ದೇನೆ. ಆದರೆ ಆ ಗದೆಯನ್ನು ನಂಬಿ ನಿಮ್ಮಲ್ಲಿ ಯಾರೂ ಯುದ್ಧಕ್ಕೆ ಹೋಗಲಿಲ್ಲ. ಇಲ್ಲಿ ನನ್ನ ಸುಳ್ಳು ಬೆವರನ್ನು ನಂಬಿ ಯಾವನೋ ಪುಣ್ಯಾತ್ಮ ಗುಡ್ಡ ಇಳಿಯುತ್ತಾನೆ. ಥೂ!

ಮಾವ, ಬೆನ್ನು ಬಾತಿದೆ, ಅತ್ತೆ ಕಾಯಿಸುವ ಎಣ್ಣೆ ಕಳಿಸು. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಬೆಳಿಗ್ಗೆ ಕ್ಯಾಮೆರಾ ಚಾಲೂ ಆದೊಡನೆ ಅರಳೆ ಕಿತ್ತೊಗೆದು, ಆ ವ್ಯಾಪಾರಿಯ ಕಣ್ಣೆದುರಿಗೇ ಮರಳು ತುಂಬಿ, ಅದೇ ಮೆಟ್ಟಿಲು ಹತ್ತುತ್ತೇನೆ.

ನಿಮ್ಮ ಹನಮೇಶ